ಕೊಸರು ಕೇಳುವ ಮುನ್ನ ಅಳತೆ ನೋಡಿ: ಮನೆ ಖರ್ಚಿನಲ್ಲಿ ಹಣ ಉಳಿಸುವುದು ಹೇಗೆ?

ದಾವಣಗೆರೆಯಲ್ಲಿ ಮಂಡಕ್ಕಿ ಕೊಳ್ಳುವವರು ದರ ಕೇಳುವುದಕ್ಕಿಂತ ಮೊದಲೇ ಸೇರಿನ ಮೇಲೆ ಕಣ್ಣಿಟ್ಟಿರುತ್ತಾರೆ. ಬಾಯಿ ಸವರಿ ಅಳೆದ ಸೇರಿಗೂ ಗೋಪುರದಂತೆ ತುಂಬಿ ಅಳೆದ ಸೇರಿಗೂ ಇರುವ ವ್ಯತ್ಯಾಸ ಇಲ್ಲಿನ ಮಕ್ಕಳಿಗೂ ಗೊತ್ತು. ಕೊನೆಗೊಂದು ಹಿಡಿ ಕೊಸರು ಚೀಲಕ್ಕೆ ಬೀಳದಿದ್ದರೆ ವ್ಯಾಪಾರ ಮುಗಿಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ಇಷ್ಟು ಹುಷಾರಾಗಿರುವ ನಾವೇ ಎಣ್ಣೆಯ ಪ್ಯಾಕೆಟ್ಟು, ಸೋಪು, ಫ್ಯಾನು ಅಥವಾ ಮದುವೆಯ ಸರ ಕೊಳ್ಳುವಾಗ ಅಳತೆಯನ್ನು ಮರೆತು, ‘ಶೇ 20ರಷ್ಟು ಹೆಚ್ಚು’, ‘ಎರಡು ಕೊಂಡರೆ ಒಂದು ಉಚಿತ’ ಎಂದು ಅಚ್ಚಾಗಿ ಬರುವ ಕೊಸರಿಗೆ ಮರುಳಾಗುತ್ತೇವೆ. ಹಣ ಉಳಿಸಲು ನೂರು ಉಪಾಯಗಳನ್ನು ಕಲಿಯಬೇಕಾಗಿಲ್ಲ. ಕೊಳ್ಳುವ ವಸ್ತು ಯಾವುದೇ ಇರಲಿ, ಅದರ ಬೆಲೆಯನ್ನು ಒಂದು ಅಳತೆಗೆ ಇಳಿಸಿದ ಮೇಲೆಯೇ ಹೋಲಿಸಿ ನೋಡುವ ಅಭ್ಯಾಸ ಸಾಕು. ಆ ಅಭ್ಯಾಸವನ್ನು ಅಡುಗೆಮನೆಯಿಂದ ಆರಂಭಿಸುವುದು ಸುಲಭ.

ಮೊದಲು ಹತ್ತು ಸಾಮಾನು

ಕಳೆದ ಎರಡು ತಿಂಗಳ ದಿನಸಿ ಚೀಟಿಗಳನ್ನು ಎದುರಿಗಿಟ್ಟುಕೊಂಡು, ಹೆಚ್ಚು ಹಣ ತಿಂದ ಹತ್ತು ಸಾಮಾನುಗಳನ್ನು ಮಾತ್ರ ಬರೆದುಕೊಳ್ಳಿ. ಅಕ್ಕಿ, ಎಣ್ಣೆ, ತೊಗರಿಬೇಳೆ, ಹಾಲು, ಬೆಣ್ಣೆ ಅಥವಾ ತುಪ್ಪ, ಬಟ್ಟೆ ಒಗೆಯುವ ಪುಡಿ ಇವು ಬಹುಪಾಲು ಮನೆಗಳ ಪಟ್ಟಿಯಲ್ಲಿ ಇರುತ್ತವೆ. ಉಪ್ಪು, ಸಾಸಿವೆ, ಕಡ್ಡಿಪೆಟ್ಟಿಗೆಗಳಲ್ಲಿ ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಅಲ್ಲಿ ಉಳಿಯುವುದು ಪೈಸೆ, ಹೋಗುವುದು ಸಮಯ.

ಪ್ಯಾಕೆಟ್ಟಿನ ಸಣ್ಣ ಅಕ್ಷರ

ಪೊಟ್ಟಣ ಕಟ್ಟಿದ ಸರಕಿನ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ ಇರಲೇಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಹೇಳುತ್ತವೆ. ಮೊದಲೆಲ್ಲ ಎಣ್ಣೆ, ಚಹಾಪುಡಿ, ಬಿಸ್ಕತ್ತುಗಳಂತಹ ಸರಕುಗಳನ್ನು ಗೊತ್ತುಪಡಿಸಿದ ತೂಕಗಳಲ್ಲಿ ಮಾತ್ರ ಕಟ್ಟಬೇಕಿತ್ತು. 2021ರ ತಿದ್ದುಪಡಿ ಆ ಕಟ್ಟುಪಾಡನ್ನು ತೆಗೆದುಹಾಕಿತು. ಅಂದಿನಿಂದ 850 ಗ್ರಾಂ, 170 ಗ್ರಾಂ, 73 ಗ್ರಾಂ ಹೀಗೆ ಮನಬಂದ ತೂಕದ ಪೊಟ್ಟಣಗಳು ಕಪಾಟಿಗೆ ಬಂದಿವೆ. ಆದರೆ ಅದೇ ತಿದ್ದುಪಡಿ ಗ್ರಾಹಕನ ಕೈಗೆ ಒಂದು ಅಸ್ತ್ರವನ್ನೂ ಕೊಟ್ಟಿದೆ. ಗರಿಷ್ಠ ಬೆಲೆಯ ಜೊತೆಗೆ ಒಂದು ಗ್ರಾಂ, ಒಂದು ಕೆ.ಜಿ. ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಬೀಳುತ್ತದೆ ಎಂಬ ಏಕಮಾನ ಬೆಲೆಯನ್ನೂ ಮುದ್ರಿಸಬೇಕೆಂಬ ನಿಯಮ ಅದು. ಈ ಅಂಕಿ ಸಾಮಾನ್ಯವಾಗಿ ಎಂ.ಆರ್.ಪಿ. ಪಕ್ಕದಲ್ಲಿ ಅಥವಾ ಕೆಳಗೆ, ಕನ್ನಡಕ ಹಾಕಿಕೊಂಡೇ ಓದಬೇಕಾದಷ್ಟು ಚಿಕ್ಕದಾಗಿ ಇರುತ್ತದೆ.

ಎಣ್ಣೆಯನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಅಡುಗೆ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಕಪಾಟಿನಲ್ಲಿ ಒಂದು ಲೀಟರ್ ಪ್ಯಾಕೆಟ್ಟಿಗೆ 165 ರೂಪಾಯಿ, ನೋಡಲು ಅಷ್ಟೇ ದಪ್ಪವಾಗಿರುವ ಪಕ್ಕದ 850 ಗ್ರಾಂ ಪ್ಯಾಕೆಟ್ಟಿಗೆ 158 ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಏಳು ರೂಪಾಯಿ ಅಗ್ಗವೆಂದು ಕೈ ಎರಡನೆಯದರ ಕಡೆಗೆ ಹೋಗುತ್ತದೆ. ಲೆಕ್ಕ ಹಾಕಿದರೆ ಮೊದಲನೆಯದು ಕೆ.ಜಿ.ಗೆ 181 ರೂಪಾಯಿ, ಎರಡನೆಯದು 186 ರೂಪಾಯಿ ಬೀಳುತ್ತದೆ. ತಿಂಗಳಿಗೆ ಐದು ಲೀಟರ್ ಎಣ್ಣೆ ಬಳಸುವ ಮನೆಗೆ ಇದರಿಂದ ಉಳಿಯುವುದು ಇಪ್ಪತ್ತು ರೂಪಾಯಿಯ ಆಸುಪಾಸು ಅಷ್ಟೇ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ; ಪಟ್ಟಿಯ ಹತ್ತೂ ಸಾಮಾನುಗಳಲ್ಲಿ ಹೀಗೆ ನೋಡಿದಾಗಲೇ ಅದು ಕಣ್ಣಿಗೆ ಕಾಣುವ ಮೊತ್ತವಾಗುತ್ತದೆ.

ಡಬ್ಬದ ಎಣ್ಣೆಯಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇರುವುದರಿಂದ ನಮ್ಮ ಭಾಗದಲ್ಲಿ ವರ್ಷಕ್ಕೆ ಎರಡು ಮೂರು ಬಾರಿ ಡಬ್ಬವನ್ನೇ ತಂದಿಡುವ ಮನೆಗಳು ಸಾಕಷ್ಟಿವೆ. ಮಾರುಕಟ್ಟೆಯಲ್ಲಿ 15 ಕೆ.ಜಿ. ಡಬ್ಬವೂ ಇದೆ, 15 ಲೀಟರ್ ಡಬ್ಬವೂ ಇದೆ. ಬಾಯಿಮಾತಿನಲ್ಲಿ ಎರಡೂ ‘ಹದಿನೈದರ ಡಬ್ಬ’. ಆದರೆ 15 ಲೀಟರ್ ಡಬ್ಬದಲ್ಲಿ ಇರುವ ಎಣ್ಣೆ 13 ಕೆ.ಜಿ. 650 ಗ್ರಾಂ ಮಾತ್ರ. ದರ ಕೇಳುವಾಗ ‘ಕೆ.ಜಿ.ಯದೋ ಲೀಟರಿನದೋ’ ಎಂದು ಒಂದು ಮಾತು ಕೂಡಿಸಿ ಕೇಳದಿದ್ದರೆ 1 ಕೆ.ಜಿ. 350 ಗ್ರಾಂ ಎಣ್ಣೆಯ ಹಣ ಸದ್ದಿಲ್ಲದೆ ಹೋಗುತ್ತದೆ.

ಏಕಮಾನ ಬೆಲೆ ಓದುವಾಗ ಒಂದು ಎಚ್ಚರ ಬೇಕು. ಒಂದು ಕೆ.ಜಿ.ಗಿಂತ ಕಡಿಮೆ ತೂಕದ ಪೊಟ್ಟಣದ ಮೇಲೆ ದರವು ಗ್ರಾಂ ಲೆಕ್ಕದಲ್ಲಿಯೂ ಅದಕ್ಕಿಂತ ದೊಡ್ಡದರ ಮೇಲೆ ಕೆ.ಜಿ. ಲೆಕ್ಕದಲ್ಲಿಯೂ ಇರುತ್ತದೆ. ಗ್ರಾಂ ದರದ ಚುಕ್ಕೆಯನ್ನು ಮೂರು ಸ್ಥಾನ ಬಲಕ್ಕೆ ಸರಿಸಿದರೆ ಕೆ.ಜಿ. ದರ ಸಿಗುತ್ತದೆ: 0.24 ಎಂದಿದ್ದರೆ 240 ರೂಪಾಯಿ. ಹೀಗೆ ನೋಡುತ್ತ ಹೋದಾಗ ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗ ಎಂಬ ನಮ್ಮ ನಂಬಿಕೆ ಹಲವು ಕಡೆ ಸುಳ್ಳಾಗುತ್ತದೆ. ಶಾಂಪೂವಿನಲ್ಲಂತೂ ದೊಡ್ಡ ಬಾಟಲಿಗಿಂತ ಚಿಕ್ಕ ಸ್ಯಾಷೆಗಳೇ ಮಿಲಿಲೀಟರ್ ಲೆಕ್ಕದಲ್ಲಿ ಅಗ್ಗವಾಗಿರುವುದು ಅಪರೂಪವಲ್ಲ.

ತಕ್ಕಡಿಯ ಮುಂದೆ

ಬಿಡಿ ಸಾಮಾನು ಕೊಳ್ಳುವಾಗ ಮಾಡಬೇಕಾದ್ದು ಎರಡೇ. ತೂಕದ ಯಂತ್ರದ ಅಂಕಿ ಸೊನ್ನೆಯಿಂದ ಆರಂಭವಾಗುತ್ತಿದೆಯೇ ಎಂದು ನೋಡುವುದು ಒಂದು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯೂ ಪರಿಶೀಲನಾ ಪ್ರಮಾಣಪತ್ರವೂ ಅಂಗಡಿಯಲ್ಲಿ ಕಾಣುತ್ತಿವೆಯೇ ಎಂದು ಗಮನಿಸುವುದು ಇನ್ನೊಂದು. ಕಳೆದ ದೀಪಾವಳಿಯಲ್ಲಿ ನಾನು ಒಂದು ಅಂಗಡಿಯಲ್ಲಿ ಕೆ.ಜಿ.ಗೆ 600 ರೂಪಾಯಿಯ ಮೈಸೂರುಪಾಕು ತಂದೆ. ಮನೆಗೆ ಬಂದು ಕುತೂಹಲಕ್ಕೆ ಖಾಲಿ ಪೆಟ್ಟಿಗೆ ತೂಗಿದರೆ 80 ಗ್ರಾಂ ಇತ್ತು. ಪೆಟ್ಟಿಗೆಯನ್ನು ಸೇರಿಸಿಯೇ ತೂಗಿದ್ದರಿಂದ ಬಣ್ಣದ ರಟ್ಟಿಗೆ ನಾನು ತೆತ್ತದ್ದು 48 ರೂಪಾಯಿ. ನಿವ್ವಳ ತೂಕವೆಂದರೆ ಪೆಟ್ಟಿಗೆ ಬಿಟ್ಟು ಒಳಗಿನ ಸಿಹಿಯ ತೂಕ. ಖಾಲಿ ಪೆಟ್ಟಿಗೆಯನ್ನು ಮೊದಲು ತಕ್ಕಡಿಗಿಟ್ಟು ಸೊನ್ನೆ ಮಾಡಿ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾದ್ದಿಲ್ಲ. ನಾನು ಆ ದಿನ ಸಂಕೋಚಪಟ್ಟಿದ್ದೆ.

ಅಡುಗೆ ಅನಿಲದ ಸಿಲಿಂಡರಿನಲ್ಲಿ ಇರಬೇಕಾದ ಅನಿಲ 14.2 ಕೆ.ಜಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ಅದು 15.6 ಎಂದಿದ್ದರೆ ತುಂಬಿದ ಸಿಲಿಂಡರು 29.8 ಕೆ.ಜಿ. ತೂಗಬೇಕು. ತಂದುಕೊಡುವವರನ್ನು ತೂಕ ಮಾಡಿ ತೋರಿಸಲು ಕೇಳುವ ಹಕ್ಕು ಗ್ರಾಹಕರಿಗೆ ಇದೆ. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಅಲ್ಲಿಯೇ ಇರಬೇಕಾದ ಮುದ್ರೆಯೊತ್ತಿದ ಐದು ಲೀಟರಿನ ಅಳತೆಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಬಹುದು.

ರಿಯಾಯಿತಿಯ ಗಣಿತ

ಎಂ.ಆರ್.ಪಿ. ಎಂದರೆ ಅದನ್ನು ಮೀರಿ ಅಂಗಡಿಯವರು ಪಡೆಯಬಾರದ ಮಿತಿಯೇ ಹೊರತು ಕೊಡಲೇಬೇಕಾದ ಬೆಲೆಯಲ್ಲ. ಹಾಗಾಗಿ ರಿಯಾಯಿತಿಯನ್ನು ಎಂ.ಆರ್.ಪಿ.ಯಿಂದ ಅಳೆಯದೆ, ಅದೇ ವಸ್ತು ಮಂಡಿಪೇಟೆಯ ಅಂಗಡಿಯಲ್ಲಿ ಹಬ್ಬವಿಲ್ಲದ ದಿನ ಎಷ್ಟಕ್ಕೆ ಸಿಗುತ್ತಿತ್ತು ಎಂಬುದರಿಂದ ಅಳೆಯಬೇಕು. ಬಟ್ಟೆಯಂಗಡಿಯ ಫಲಕದಲ್ಲಿ ‘ಶೇ 50 + ಶೇ 20’ ಎಂದಿದ್ದರೆ ಅದು ಶೇ 70 ಅಲ್ಲ. ಸಾವಿರದ ಸೀರೆ ಮೊದಲು 500ಕ್ಕೆ ಇಳಿದು, ಆ 500ರ ಮೇಲೆ ಶೇ 20 ಕಳೆದು 400 ಆಗುತ್ತದೆ, ಅಂದರೆ ಶೇ 60. ‘ಎರಡು ಕೊಂಡರೆ ಒಂದು ಉಚಿತ’ ಎಂಬುದು ಶೇ 33ರ ರಿಯಾಯಿತಿ, ಅದೂ ಮೂರನೆಯದು ನಿಜವಾಗಿ ಬೇಕಿದ್ದರೆ.

ಫ್ಯಾನಿನ ಬೆಲೆ ಅಂಗಡಿಯಲ್ಲಿ ಮುಗಿಯುವುದಿಲ್ಲ

ವಿದ್ಯುತ್ ಉಪಕರಣಕ್ಕೆ ನಾವು ಎರಡು ಸಲ ಹಣ ಕೊಡುತ್ತೇವೆ: ಅಂಗಡಿಗೆ ಒಮ್ಮೆ, ಬೆಸ್ಕಾಂಗೆ ಪ್ರತಿ ತಿಂಗಳು. ಇಲ್ಲಿ ಅಳತೆಯೆಂದರೆ ಯೂನಿಟ್ಟು. ಹಳೆಯ ಬಗೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನು 30 ವ್ಯಾಟಿನ ಆಸುಪಾಸಿನಲ್ಲಿ ತಿರುಗುತ್ತದೆ. ದಿನಕ್ಕೆ 12 ಗಂಟೆ ತಿರುಗಿಸಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್, ಮೂರು ಫ್ಯಾನಿನ ಮನೆಯಲ್ಲಿ 48 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗೆ ಬಿಲ್ಲೇ ಬರುವುದಿಲ್ಲವಲ್ಲ, ಈ ಲೆಕ್ಕವೇಕೆ ಎನ್ನಬಹುದು. ಆದರೆ ಆ ಯೋಜನೆಯ ಸೌಲಭ್ಯವು 2022–23ರ ಸರಾಸರಿ ಬಳಕೆಯನ್ನು ಆಧರಿಸಿ ಪ್ರತಿ ಮನೆಗೂ ಗೊತ್ತುಪಡಿಸಿದ ಮಿತಿಗಷ್ಟೇ ಸೀಮಿತವಾಗಿದ್ದು, ಮಿತಿ ಮೀರಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕಾಗುತ್ತದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರಂತೂ ಇಡೀ ಬಿಲ್ಲನ್ನೇ ಕಟ್ಟಬೇಕು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹಗಲೂ ರಾತ್ರಿ ಫ್ಯಾನು ತಿರುಗುವ ದಾವಣಗೆರೆಯಲ್ಲಿ ಈ 48 ಯೂನಿಟ್ಟು ಗೆರೆಯ ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸಬಲ್ಲದು. ಫ್ರಿಜ್ ಮತ್ತು ಎ.ಸಿ. ಕೊಳ್ಳುವಾಗ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಅದೇ ಚೀಟಿಯಲ್ಲಿ ಬರೆದಿರುವ ವಾರ್ಷಿಕ ಯೂನಿಟ್ಟುಗಳ ಅಂಕಿಯನ್ನು ಹೋಲಿಸುವುದು ಹೆಚ್ಚು ನೇರ.

ಕಂತಿನ ಮಾತು

‘ಶೇ 12 ಫ್ಲಾಟ್ ಬಡ್ಡಿ’ ಎಂದು ಒಂದು ವರ್ಷಕ್ಕೆ ಒಂದು ಲಕ್ಷ ಸಾಲ ಪಡೆದರೆ ತಿಂಗಳ ಕಂತು 9,333 ರೂಪಾಯಿ. ಪ್ರತಿ ಕಂತಿನಲ್ಲೂ ಅಸಲು ತೀರುತ್ತ ಬರುತ್ತದೆ, ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಲಕ್ಷದ ಮೇಲೆ ನಡೆಯುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಶೇ 21ಕ್ಕೂ ಹೆಚ್ಚಿನ ಬಡ್ಡಿ. ‘ಶೂನ್ಯ ಬಡ್ಡಿ’ಯ ಕಂತಿನಲ್ಲಿ ಬಡ್ಡಿಯು ಸಂಸ್ಕರಣಾ ಶುಲ್ಕದ ವೇಷದಲ್ಲಿ ಬರುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ತಿಳಿಹೇಳಿತ್ತು. 2024ರ ಅಕ್ಟೋಬರ್ 1ರಿಂದ ಇಂತಹ ಸಾಲ ಕೊಡುವವರು ಎಲ್ಲ ಶುಲ್ಕಗಳನ್ನೂ ಕೂಡಿಸಿದ ವಾರ್ಷಿಕ ದರವನ್ನು ನಮೂದಿಸಿರುವ ‘ಪ್ರಮುಖ ಸಂಗತಿಗಳ ವಿವರಪತ್ರ’ವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಸಹಿ ಹಾಕುವ ಮುನ್ನ ಅದನ್ನು ಕನ್ನಡದಲ್ಲಿಯೇ ಕೇಳಿ ಪಡೆದು, ಆ ಒಂದು ಅಂಕಿಯನ್ನು ಓದಿ.

ಚಿನ್ನ ಮತ್ತು ಗುಳಿಗೆ

ಮದುವೆಯ ಕಾಲದಲ್ಲಿ ಚಿನ್ನದಂಗಡಿಗೆ ಹೋದವರು ಅಂದಿನ ಗ್ರಾಂ ದರವನ್ನು ಪತ್ರಿಕೆಯಲ್ಲಿ ನೋಡಿಕೊಂಡೇ ಹೋಗುತ್ತಾರೆ. ಆದರೆ ದರ ಎಲ್ಲ ಅಂಗಡಿಗಳಲ್ಲೂ ಹೆಚ್ಚು ಕಡಿಮೆ ಒಂದೇ ಇರುತ್ತದೆ. ವ್ಯತ್ಯಾಸ ಇರುವುದು ವೇಸ್ಟೇಜು ಮತ್ತು ಮಜೂರಿಯಲ್ಲಿ. ನಿವ್ವಳ 20 ಗ್ರಾಂ ಸರಕ್ಕೆ ಶೇ 14 ವೇಸ್ಟೇಜು ಹಾಕಿದರೆ ನಾವು ಹಣ ಕೊಡುವುದು 22.8 ಗ್ರಾಂಗೆ. ಒಂದು ಅಂಗಡಿಯಲ್ಲಿ ವೇಸ್ಟೇಜು ಕಡಿಮೆ, ಮಜೂರಿ ಹೆಚ್ಚು. ಇನ್ನೊಂದರಲ್ಲಿ ಮಜೂರಿಯೇ ಇಲ್ಲ, ವೇಸ್ಟೇಜು ಹೆಚ್ಚು. ಈ ಗೊಂದಲಕ್ಕೆ ಸಿಕ್ಕದಿರಲು ಒಂದೇ ದಾರಿಯಿದೆ. ಹರಳು, ಅರಗಿನ ತೂಕ ಕಳೆದು ಉಳಿದ ನಿವ್ವಳ ಚಿನ್ನದ ಗ್ರಾಂಗಳಿಂದ ಜಿ.ಎಸ್.ಟಿ.ಗೆ ಮುಂಚಿನ ಒಟ್ಟು ಮೊತ್ತವನ್ನು ಭಾಗಿಸಿ, ಬಂದ ಅಂಕಿಯನ್ನು ಅಂಗಡಿಯಿಂದ ಅಂಗಡಿಗೆ ಹೋಲಿಸಬೇಕು. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ ಮತ್ತು ಅಂಕಿಗಳ ಎಚ್.ಯು.ಐ.ಡಿ. ಸಂಖ್ಯೆ ಇರಲೇಬೇಕು. ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಆಭರಣದ ಶುದ್ಧತೆಯ ವಿವರ ಅಂಗಡಿಯ ಗಾದಿಯ ಮೇಲೆ ಕುಳಿತಿರುವಾಗಲೇ ಸಿಗುತ್ತದೆ.

ಔಷಧಿಯಲ್ಲಿ ಅಳತೆಯೆಂದರೆ ಒಂದು ಗುಳಿಗೆ. ಕೆಲವು ಸ್ಟ್ರಿಪ್‌ಗಳಲ್ಲಿ ಹತ್ತು, ಕೆಲವುಗಳಲ್ಲಿ ಹದಿನೈದು ಗುಳಿಗೆಗಳಿರುವುದರಿಂದ ಸ್ಟ್ರಿಪ್ಪಿನ ಬೆಲೆ ಹೋಲಿಸಿ ಪ್ರಯೋಜನವಿಲ್ಲ. ಸುತ್ತಮುತ್ತಲ ತಾಲ್ಲೂಕುಗಳಿಂದ ದಾವಣಗೆರೆಯ ಆಸ್ಪತ್ರೆಗಳಿಗೆ ಬಂದು, ಬಿ.ಪಿ., ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಗುಳಿಗೆ ನುಂಗುವವರು ವೈದ್ಯರನ್ನು ಕೇಳಿಕೊಂಡು, ಅದೇ ಮೂಲದ್ರವ್ಯ ಮತ್ತು ಅಷ್ಟೇ ಮಿಲಿಗ್ರಾಂ ಇರುವ ಜೆನೆರಿಕ್ ಔಷಧಿಯನ್ನು ಜನೌಷಧಿ ಕೇಂದ್ರದಲ್ಲಿ ವಿಚಾರಿಸಬೇಕು. ಅಲ್ಲಿನ ಬೆಲೆ ಬ್ರ್ಯಾಂಡ್ ಔಷಧಿಗಿಂತ ಸಾಮಾನ್ಯವಾಗಿ ಶೇ 50ರಿಂದ 80ರಷ್ಟು ಕಡಿಮೆ. ಈ ಲೇಖನದ ಎಲ್ಲ ಲೆಕ್ಕಗಳಲ್ಲಿ ಹಿರಿಯರಿರುವ ಮನೆಗೆ ಅತಿ ಹೆಚ್ಚು ಉಳಿಸಿಕೊಡುವುದು ಇದೇ ಎಂದು ನನ್ನ ಅಭಿಪ್ರಾಯ.

ಅಳತೆ ತಪ್ಪಿದಾಗ

ಅಂಗಡಿಯವರೊಂದಿಗೆ ಮಾತಾಡಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಹಳಷ್ಟು ದೂರುಗಳು ಆ ಹಂತದಲ್ಲೇ ಮುಗಿಯುತ್ತವೆ. ಅಲ್ಲಿಯೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳನ್ನು ಜಿಲ್ಲಾ ಆಯೋಗ ವಿಚಾರಿಸುತ್ತದೆ, ಐದು ಲಕ್ಷದವರೆಗೆ ಶುಲ್ಕವಿಲ್ಲ. ಕಂಪನಿ ಮುಂಬೈಯಲ್ಲೇ ಇರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಲೂ ಬರುತ್ತದೆ. ದೂರಿಗೆ ಕಾರಣವಾದ ಘಟನೆ ನಡೆದು ಎರಡು ವರ್ಷ ದಾಟಿರಬಾರದು.

ಇದಕ್ಕೆಲ್ಲ ಆಧಾರ ರಸೀದಿ. ಈಗ ಬಹುತೇಕ ಅಂಗಡಿಗಳು ಕೊಡುವುದು ಶಾಖದಿಂದ ಅಚ್ಚಾಗುವ ನುಣುಪು ಕಾಗದದ ಚೀಟಿ, ಬೀರುವಿನಲ್ಲಿಟ್ಟರೂ ಕೆಲವು ತಿಂಗಳಲ್ಲಿ ಅದರ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತದೆ. ಎರಡು ವರ್ಷದ ವಾರಂಟಿಯ ಮಿಕ್ಸಿ ಒಂದೂವರೆ ವರ್ಷಕ್ಕೆ ಕೆಟ್ಟಾಗ ಕೈಯಲ್ಲಿ ಉಳಿಯುವುದು ಆ ಬಿಳಿ ಹಾಳೆ. ಆದ್ದರಿಂದ ಅಂಗಡಿಯ ಮೆಟ್ಟಿಲು ಇಳಿಯುವ ಮುನ್ನವೇ ದಿನಾಂಕ, ಅಂಗಡಿಯ ಜಿ.ಎಸ್.ಟಿ. ಸಂಖ್ಯೆ ಮತ್ತು ವಸ್ತುವಿನ ಕ್ರಮಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ ಮೊಬೈಲಿನಲ್ಲಿ ರಸೀದಿಯ ಫೋಟೊ ತೆಗೆದು, ಮನೆಯ ಇನ್ನೊಬ್ಬರಿಗೂ ಕಳಿಸಿಡಿ.