ಸಾಗುವಾನಿ ಬಿಲ್ಲೆಯಲ್ಲಿ ಒಂದು ವರ್ಷ ಜಾಸ್ತಿ

ದಾವಣಗೆರೆಯ ಒಂದು ಸಾಮಿಲ್‌ನಿಂದ ಕಾಂಡವನ್ನು ಅಡ್ಡ ಕೊಯ್ದ ಎರಡು ಸಾಗುವಾನಿ ಬಿಲ್ಲೆ ಹೊತ್ತು ಹೊರಟಾಗ ಮಿಲ್ಲಿನವರು ನಕ್ಕರು. "ಮೇಷ್ಟ್ರೇ, ಇದ್ರಾಗೆ ಒಂದು ಸ್ಟೂಲೂ ಆಗಲ್ಲ." ನನಗೆ ಬೇಕಿದ್ದದ್ದು ಹಳೇ ಮಳೆಗಾಲಗಳ ಲೆಕ್ಕ. ಮರ ವರ್ಷಕ್ಕೊಂದು ಸುತ್ತು ಬೆಳೆಯುತ್ತದೆ, ಆ ಸುತ್ತುಗಳಲ್ಲೇ ಲೆಕ್ಕ ಇದೆ. ಚನ್ನಗಿರಿ ಕಡೆಯ ಒಂದೇ ಹೊಲದ ಮರಗಳು, 2019ರ ಬೇಸಿಗೆಯಲ್ಲಿ ಕಡಿದವು. ತೊಗಟೆ ಇರುವ ಬಿಲ್ಲೆಯನ್ನೇ ಆರಿಸಿದ್ದೆ. ತೊಗಟೆಗೆ ತಾಗಿದ ಸುತ್ತು 2018ರದ್ದು. ಅಲ್ಲಿಂದ ಒಳಕ್ಕೆ ಎಣಿಸಬೇಕು.

ಸಾಗುವಾನಿಯೇ ಯಾಕೆ ಅಂದ್ರೆ, ಅದು ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಾಗುತ್ತದೆ. ಮತ್ತೆ ಚಿಗುರಿದಾಗ ದೊಡ್ಡ ರಂಧ್ರಗಳ ಸಾಲಿನಿಂದ ಹೊಸ ಸುತ್ತು ಶುರು. ಮಳೆ ಚೆನ್ನಾಗಿದ್ದರೆ ಸುತ್ತು ಅಗಲ, ಇಲ್ಲದಿದ್ದರೆ ತೆಳು.

80ನೇ ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ 400ರವರೆಗೆ ಉಜ್ಜಿದೆ. ಎರಡು ಸಂಜೆ ಹೋಯಿತು, ಮನೆ ತುಂಬಾ ಧೂಳು. ಆಮೇಲೆ ಸೀಮೆಸುಣ್ಣದ ಪುಡಿ ಸವರಿದೆ. ರಂಧ್ರಗಳಿಗೆ ಪುಡಿ ತುಂಬಿ ಸುತ್ತುಗಳು ಬಿಳಿ ಗೆರೆಗಳಾಗಿ ಎದ್ದು ಕಂಡವು. ಹತ್ತು ಸುತ್ತಿಗೊಂದು ಪೆನ್ಸಿಲ್ ಚುಕ್ಕೆ.

ಒಂದರಲ್ಲಿ 46 ಸುತ್ತು, ಇನ್ನೊಂದರಲ್ಲಿ 47. ಒಟ್ಟಿಗೆ ನೆಟ್ಟ ಮರಗಳು ಅಲ್ವಾ? ಮಳೆ ಪಟ್ಟಿ ನೋಡಿ ತಿದ್ದಿಬಿಡೋಣ ಅನ್ನಿಸಿತು. ಹಾಗೆ ಮಾಡಿದರೆ ಮರ ಹೇಳುವುದನ್ನು ನಾವೇ ಹೇಳಿಕೊಟ್ಟಂತೆ. ಎರಡು ಕಾಗದದ ಪಟ್ಟಿಗಳಲ್ಲಿ ತೆಳು ಸುತ್ತುಗಳಿಗೆ ಮಾತ್ರ ಗೆರೆ ಎಳೆದು ಅಕ್ಕಪಕ್ಕ ಇಟ್ಟೆ. ಮರಕ್ಕೆ ಮರ ಹೊಂದಿಸುವ ಈ ದಾರಿಯನ್ನು ಗಟ್ಟಿ ಮಾಡಿದವರು ಅಮೆರಿಕದ ಡಗ್ಲಸ್. ಅವರು ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಜಾಡು ಹಿಡಿದು ಮರಕ್ಕೆ ಬಂದವರು!

2010ರವರೆಗೆ ಎರಡೂ ಸರಿ ಹೊಂದಿದವು. ಅಲ್ಲಿಂದ ಒಳಕ್ಕೆ ಎಲ್ಲವೂ ಒಂದೊಂದು ಮನೆ ಸರಿದಿದ್ದವು. ಭೂತಗನ್ನಡಿ ಹಿಡಿದಾಗ ಕಳ್ಳ ಸಿಕ್ಕಿತು. 47 ಸುತ್ತಿನ ಬಿಲ್ಲೆಯಲ್ಲಿ ಒಂದು ಗೆರೆಯ ಅಂಚು ಮಸುಕಾಗಿತ್ತು. ಬೆರಳಿಟ್ಟು ಸುತ್ತ ಹೋದರೆ ಅರ್ಧದಲ್ಲೇ ಮಾಯ. ಮಳೆ ನಡುವೆ ಕೈಕೊಟ್ಟು ಮತ್ತೆ ಸುರಿದರೆ ಮರ ಹೀಗೆ ಸುಳ್ಳು ಸುತ್ತು ಹಾಕುತ್ತದೆ.

ಅದನ್ನು ಬಿಟ್ಟ ಮೇಲೆ ಎರಡರಲ್ಲೂ 2002 ತೆಳುವಾಗಿ ಬಂತು. ಆ ವರ್ಷ ದೇಶಕ್ಕೇ ಮುಂಗಾರು ಕೈಕೊಟ್ಟಿತ್ತು. ಹಾಗಂತ ಎರಡು ಮರದಿಂದ ಹವಾಮಾನ ಹೇಳಲಾಗದು. ಹುಳ ಎಲೆ ತಿಂದರೂ ಸುತ್ತು ತೆಳುವಾಗುತ್ತದೆ.

ನನಗಿನ್ನೂ ಹಳೇ ಮರ ಬೇಕು. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ತುಂಬಿದ ಮೇಲೆ ಮತ್ತೆ ತುಂಬಿದ್ದು 2022ರಲ್ಲಿ. ಆ 1933ರ ಸುತ್ತು ನೋಡುವ ಆಸೆ. ಚಿತ್ರದುರ್ಗದಲ್ಲಿ ಹಳೇ ಮನೆ ಕೆಡವುತ್ತಾರೆ ಅಂದ್ರೆ ತೊಲೆ ನೋಡಲು ಓಡುತ್ತೇನೆ. ಮೊನ್ನೆ ಒಂದು ಸಿಕ್ಕಿತು. ಬಡಗಿ ಆಗಲೇ ನಾಲ್ಕೂ ಮುಖ ನೀಟಾಗಿ ಕೆತ್ತಿದ್ದಾನೆ, ತೊಗಟೆ ಕಡೆಯ ಸುತ್ತು ಒಂದೂ ಉಳಿದಿಲ್ಲ.