ಜೊಲ್ಲಿನ ಟ್ಯೂಬು, ಕೋಪದ ಮುಖ: ಹಾರ್ಮೋನು ಮತ್ತು ಗಮನದ ಪ್ರಯೋಗ, ನನ್ನ ಅನುಭವ

ಮೈಯೊಳಗಿನ ಹಾರ್ಮೋನು ಏರಿಳಿದಂತೆ ನಾವು ಬೇರೆಯವರ ಮುಖ ನೋಡುವ ರೀತಿಯೂ ಬದಲಾಗುತ್ತದಾ? ಬೆಂಗಳೂರಿನಲ್ಲಿ ನಾನು ಪಿಎಚ್‌ಡಿ ಮಾಡಿದ್ದು ಈ ಪ್ರಶ್ನೆಯ ಮೇಲೆ. ಕೋಪದ ಮುಖ, ಸುಮ್ನೆ ಇರುವ ಮುಖ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣು ಮೊದಲು ಎತ್ತ ಹೋಗುತ್ತದೆ, ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ, ಆ ಹೊತ್ತಿಗೆ ಜೊಲ್ಲಿನಲ್ಲಿ ಕಾರ್ಟಿಸಾಲ್ (ಒತ್ತಡದ ಹಾರ್ಮೋನು) ಮತ್ತು ಟೆಸ್ಟೋಸ್ಟಿರಾನ್ (ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಕಡಿಮೆ ಇರುವ ಲೈಂಗಿಕ ಹಾರ್ಮೋನು) ಎಷ್ಟಿದೆ, ಇಷ್ಟನ್ನೇ ಅಳೆದೆ. ಕೇಳೋಕೆ ಸುಲಭ. ಮಾಡುವಾಗ ಏನೇನು ನೋಡಿಕೊಳ್ಳಬೇಕು ಅಂತ ಕನ್ನಡದಲ್ಲಿ ಎಲ್ಲೂ ಓದಿದ ನೆನಪಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಿಂದೆ ಆಗಿರುವ ಕೆಲಸ ಸ್ವಲ್ಪ ಹೇಳಿಬಿಡುತ್ತೇನೆ. ನೆದರ್ಲೆಂಡ್ಸಿನ ವಾನ್ ಹಾಂಕ್ ಮತ್ತು ಜೊತೆಯವರು 1999ರಲ್ಲಿ, ಟೆಸ್ಟೋಸ್ಟಿರಾನ್ ಜಾಸ್ತಿ ಇರುವವರ ಗಮನ ಕೋಪದ ಮುಖಕ್ಕೆ ಹೆಚ್ಚು ಅಂಟಿಕೊಳ್ಳುತ್ತದೆ ಎಂದು ತೋರಿಸಿದರು. 2012ರಲ್ಲಿ ಅದೇ ತಂಡದವರು ಹೆಂಗಸರಿಗೆ ನಾಲಿಗೆಯಡಿ ಟೆಸ್ಟೋಸ್ಟಿರಾನಿನ ಒಂದೇ ಒಂದು ಡೋಸ್ ಕೊಟ್ಟು ನೋಡಿದರು. ಕೋಪದ ಮುಖ ಕಂಡಿದ್ದೇ ಗೊತ್ತಾಗದಷ್ಟು ಬೇಗ ತೋರಿಸಿದರೂ, ಹಾರ್ಮೋನು ತೆಗೆದುಕೊಂಡವರು ಅದರಿಂದ ಕಣ್ಣು ಸರಿಸೋದು ನಿಧಾನವಾಗಿತ್ತು. ಇನ್ನೊಂದು ಕಡೆ, 1999ರಲ್ಲೇ ನೇಚರ್ ಪತ್ರಿಕೆಯಲ್ಲಿ, ಮುಟ್ಟಿನ ಚಕ್ರದ ಜೊತೆ ಹೆಂಗಸರಿಗೆ ಇಷ್ಟವಾಗುವ ಗಂಡಸಿನ ಮುಖವೂ ಬದಲಾಗುತ್ತದೆ ಎನ್ನುವ ಲೇಖನ ಬಂತು. ಅದು ಎಷ್ಟು ಕಡೆ ಸುದ್ದಿಯಾಯಿತೋ! ಆದರೆ 2018ರಲ್ಲಿ ಬೆನ್ ಜೋನ್ಸ್ ಮತ್ತು ಜೊತೆಯವರು 584 ಹೆಂಗಸರನ್ನು ಮತ್ತೆ ಮತ್ತೆ ಕರೆಸಿ, ಪ್ರತಿ ಸಲ ಜೊಲ್ಲು ಪರೀಕ್ಷೆ ಮಾಡಿ ನೋಡಿದಾಗ ಅಂಥ ಗಟ್ಟಿ ಸಂಬಂಧ ಸಿಗಲಿಲ್ಲ.

ನನ್ನ ಪ್ರಯೋಗದ ರೂಪ ಬಂದಿದ್ದು ಈ ಕೊನೆಯ ಕೆಲಸ ಓದಿದ ಮೇಲೆ. ಇವರಿಗೆ ಹಾರ್ಮೋನು ಜಾಸ್ತಿ, ಅವರಿಗೆ ಕಡಿಮೆ ಅಂತ ಇಬ್ಬರನ್ನು ಹೋಲಿಸಿದರೆ ಅವರ ವಯಸ್ಸು, ನಿದ್ದೆ, ಸ್ವಭಾವ ಎಲ್ಲವೂ ನಡುವೆ ಬರುತ್ತದೆ. ಒಬ್ಬರನ್ನೇ ಬೇರೆ ಬೇರೆ ದಿನ ಕರೆಸಿ, ಅವರ ಏರಿಳಿತವನ್ನು ಅವರದೇ ಸರಾಸರಿಗೆ ಹೋಲಿಸಬೇಕು. ಖರ್ಚು ಜಾಸ್ತಿ, ಜನ ಅರ್ಧದಲ್ಲಿ ಬಿಡುತ್ತಾರೆ, ಗೈಡ್‌ಗೆ ಮನವರಿಕೆ ಮಾಡೋಕೆ ಕಷ್ಟ. ಆದರೂ ಈ ವಿಷಯಕ್ಕೆ ಬೇರೆ ದಾರಿ ಇಲ್ಲ ಅಂತಲೇ ನನ್ನ ನಂಬಿಕೆ.

ಈಗ ಜೊಲ್ಲಿನ ವಿಷಯ. ಎಲ್ಲಕ್ಕಿಂತ ಹೆಚ್ಚು ಕಲಿತಿದ್ದು ಇಲ್ಲೇ.

ಕಾರ್ಟಿಸಾಲ್ ಗಡಿಯಾರ ನೋಡಿಕೊಂಡು ಓಡುವ ಹಾರ್ಮೋನು. ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ತುದಿ ಮುಟ್ಟಿ, ಆಮೇಲೆ ದಿನವಿಡೀ ಇಳಿದು, ಮಧ್ಯರಾತ್ರಿ ಹೊತ್ತಿಗೆ ತಳ ಸೇರುತ್ತದೆ. ಹಾಗಾಗಿ ಒಬ್ಬರು ಹತ್ತು ಗಂಟೆಗೆ, ಇನ್ನೊಬ್ಬರು ನಾಲ್ಕು ಗಂಟೆಗೆ ಬಂದರೆ ನಾವು ಅಳೆಯೋದು ಬರೀ ಗಡಿಯಾರವನ್ನೇ. ಎಲ್ಲರನ್ನೂ ಮಧ್ಯಾಹ್ನದ ಮೇಲೆ, ಒಂದೇ ಹೊತ್ತಿಗೆ ಕರೆಸಿದೆ. ಆಮೇಲೆ ಟ್ರಾಫಿಕ್ಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡು, ತಡವಾಯಿತು ಅಂತ ಓಡಿ ಬಂದವರ ಜೊಲ್ಲನ್ನು ತಕ್ಷಣ ತೆಗೆದುಕೊಂಡರೆ ಏನಾಗುತ್ತದೆ? ಒತ್ತಡವಾದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಜೊಲ್ಲಿನಲ್ಲಿ ಕಾರ್ಟಿಸಾಲ್ ತುದಿಗೇರುತ್ತದೆ. ಅಂದರೆ ನಮ್ಮ ಟ್ಯೂಬಿಗೆ ಬೀಳೋದು ಸಿಲ್ಕ್ ಬೋರ್ಡಿನ ಒತ್ತಡ. ಬಂದವರನ್ನು ಕೂರಿಸಿ, ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ಒಪ್ಪಿಗೆ ಪತ್ರ ನಿಧಾನವಾಗಿ ಓದಿಸಿ, ಸುಸ್ತು ಆರಿದ ಮೇಲೇ ಟ್ಯೂಬ್ ಕೈಗೆ ಕೊಡುತ್ತಿದ್ದೆ. ಒಪ್ಪಿಗೆ ಪತ್ರ ಕನ್ನಡದಲ್ಲೂ ಇತ್ತು. ಎಥಿಕ್ಸ್ ಕಮಿಟಿಯವರು ಕೇಳುತ್ತಾರೆ, ಕೇಳಲೇಬೇಕು.

ಬರುವ ಮುಂಚೆ ಒಂದು ಗಂಟೆ ಕಾಫಿ ಬೇಡ, ತಿಂಡಿ ಬೇಡ, ಹಲ್ಲುಜ್ಜೋದೂ ಬೇಡ. ಒಸಡಿನಿಂದ ಚೂರು ರಕ್ತ ಬಂದರೂ ಟೆಸ್ಟೋಸ್ಟಿರಾನ್ ಲೆಕ್ಕ ಏರಿಬಿಡುತ್ತದೆ, ಏಕೆಂದರೆ ರಕ್ತದಲ್ಲಿ ಅದು ಜೊಲ್ಲಿಗಿಂತ ತುಂಬಾ ಜಾಸ್ತಿ ಇರುತ್ತದೆ. ಹತ್ತಿಯ ಉಂಡೆ ಕಚ್ಚಿಸಿ ಜೊಲ್ಲು ತೆಗೆಯುವ ಪದ್ಧತಿ ಕಾರ್ಟಿಸಾಲ್‌ಗೆ ನಡೆದೀತು, ಟೆಸ್ಟೋಸ್ಟಿರಾನ್‌ಗೆ ಬೇಡವೇ ಬೇಡ, ಲೆಕ್ಕ ಕೆಡುತ್ತದೆ. ಬಾಯಲ್ಲಿ ತುಂಬಿದ ಜೊಲ್ಲನ್ನು ಸಣ್ಣ ಕೊಳವೆಯ ಮೂಲಕ ಟ್ಯೂಬಿಗೆ ಇಳಿಬಿಡೋದೇ ಒಳ್ಳೆಯದು.

ಆದರೆ ನಮ್ಮಲ್ಲಿ ಎಂಜಲು ಅಂದರೆ ಸುಮ್ನೆ ಅಲ್ಲ. ಇನ್ನೊಬ್ಬರ ಎದುರು ಕೂತು ಟ್ಯೂಬಿಗೆ ಜೊಲ್ಲು ಬಿಡಿ ಅಂದರೆ ಯಾರಿಗಾದರೂ ಮುಜುಗರವೇ. ಒಬ್ಬ ಹುಡುಗಿ, "ಅಕ್ಕಾ, ಬೇಕಾದ್ರೆ ರಕ್ತ ತಗೊಳ್ಳಿ, ಇದು ಮಾತ್ರ ಆಗಲ್ಲ" ಅಂದುಬಿಟ್ಟಳು. ಅವತ್ತೇ ಮೂಲೆಯಲ್ಲಿ ಒಂದು ಪರದೆ ಕಟ್ಟಿಸಿದೆ. ಬಣ್ಣದ ಟ್ಯೂಬ್ ತರಿಸಿದೆ, ಒಳಗಿರೋದು ಕಾಣದ ಹಾಗೆ. ಟ್ಯೂಬನ್ನು ಅವರೇ ಮುಚ್ಚಿ, ಅವರೇ ಐಸ್ ಡಬ್ಬಿಯಲ್ಲಿ ಇಡುವಂತೆ ಮಾಡಿದೆ. ಬಾಯಿ ಒಣಗಿದವರಿಗೆ, ಶಾಲೆ ಮುಂದೆ ಮಾರುವ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ನೆನೆಸಿಕೊಳ್ಳಿ ಅಂತ ಹೇಳುತ್ತಿದ್ದೆ. ಹುಳಿಯನ್ನೇ ಬಾಯಿಗೆ ಕೊಡಬಾರದು, ಪರೀಕ್ಷೆ ಹಾಳಾಗುತ್ತದೆ. ನೆನೆಸಿಕೊಂಡರೆ ಸಾಕು, ನೀರೂರುತ್ತದೆ.

ಪ್ರಶ್ನಾವಳಿಯಲ್ಲಿ ಇನ್ಹೇಲರ್ ಬಗ್ಗೆ ತಪ್ಪದೇ ಕೇಳಿ. ಬೆಂಗಳೂರಿನ ಧೂಳು, ಪರಾಗಕ್ಕೆ ಅಸ್ತಮಾ ಇರುವವರು ಕಡಿಮೆ ಇಲ್ಲ, ಅವರಲ್ಲಿ ಅನೇಕರ ಇನ್ಹೇಲರಿನಲ್ಲಿ ಸ್ಟೆರಾಯ್ಡ್ ಇರುತ್ತದೆ, ಅದು ಕಾರ್ಟಿಸಾಲ್ ಲೆಕ್ಕದ ಮೇಲೆ ಪರಿಣಾಮ ಮಾಡುತ್ತದೆ. ಚರ್ಮಕ್ಕೆ ಹಚ್ಚುವ ಹೈಡ್ರೋಕಾರ್ಟಿಸೋನ್ ಕ್ರೀಮು ಕೈಯಿಂದ ಟ್ಯೂಬಿಗೆ ತಾಗಿದರೂ ಕೆಟ್ಟಿತು. ಗರ್ಭನಿರೋಧಕ ಮಾತ್ರೆಯ ಬಗ್ಗೆಯೂ ಕೇಳಬೇಕು, ಆದರೆ ಅದನ್ನು ಬಾಯಿಬಿಟ್ಟು ಕೇಳದೆ, ಅವರೇ ಬರೆದು ಮುಚ್ಚಿಕೊಡುವ ಕಾಗದದಲ್ಲಿ ಕೇಳಿ.

ಇನ್ನು ಮುಖಗಳು. ಹೆಚ್ಚಿನವರು ಬಳಸೋದು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ 1998ರಲ್ಲಿ ತಯಾರಾದ ಚಿತ್ರಗಳನ್ನು. ಒಳ್ಳೆಯ ಚಿತ್ರಗಳೇ. ಆದರೆ ನಮ್ಮ ಕಣ್ಣಿಗೆ ರೂಢಿ ಇಲ್ಲದ ಚಹರೆಗಳನ್ನು ನಾವು ಅಷ್ಟು ಚೆನ್ನಾಗಿ ಗುರುತಿಸೋದಿಲ್ಲ, ಇದು ಎಷ್ಟೋ ಪ್ರಯೋಗಗಳಲ್ಲಿ ಖಚಿತವಾಗಿರುವ ವಿಷಯ. ಆಮೇಲೆ ಕೋಪದ ಮುಖದತ್ತ ಕಣ್ಣು ಹೋದರೆ ಅದು ಕೋಪಕ್ಕೋ, ಹೊಸ ಚಹರೆಗೋ ಹೇಗೆ ಹೇಳೋದು? ಶಿಕಾಗೋದ ಸಂಶೋಧಕರು ದೆಹಲಿಯಲ್ಲಿ ಭಾರತೀಯರ ಫೋಟೋ ತೆಗೆದು ಮಾಡಿದ ಸಂಗ್ರಹವೂ ಇದೆ. ನಾನು ಬೆಂಗಳೂರಿನ ಹವ್ಯಾಸಿ ನಾಟಕದವರನ್ನು ಕೇಳಿಕೊಂಡು, ಒಪ್ಪಿಗೆ ಪಡೆದು, ಒಂದೇ ಬೆಳಕಿನಲ್ಲಿ ಫೋಟೋ ತೆಗೆಸಿದೆ. ಕುಂಕುಮ, ಮೂಗುತಿ ತೆಗೆದು ಬನ್ನಿ ಅನ್ನಬೇಕಾಯಿತು. ಆ ಹೊಳೆಯುವ ಚುಕ್ಕಿಗಳೇ ಕಣ್ಣನ್ನು ಎಳೆಯುತ್ತವೆ.

ಗಮನ ಅಳೆಯೋಕೆ ಹಳೆಯ ದಾರಿ 1986ರಲ್ಲಿ ಬಂದ ಡಾಟ್ ಪ್ರೋಬ್. ಎರಡು ಮುಖ ಅರ್ಧ ಸೆಕೆಂಡ್ ಕಾಣುತ್ತವೆ, ಮಾಯವಾಗುತ್ತವೆ, ಒಂದರ ಜಾಗದಲ್ಲಿ ಚುಕ್ಕಿ ಬರುತ್ತದೆ, ಬಟನ್ ಒತ್ತಬೇಕು. ಕೋಪದ ಮುಖ ಇದ್ದ ಕಡೆ ಬೇಗ ಒತ್ತಿದರೆ ಗಮನ ಅಲ್ಲೇ ಇತ್ತು ಅಂತ ಲೆಕ್ಕ. ಸಿಗುವ ವ್ಯತ್ಯಾಸ ಕೆಲವೇ ಮಿಲಿಸೆಕೆಂಡ್. ಇವತ್ತು ಒಬ್ಬರಿಗೆ ಬಂದ ಅಂಕ ಮುಂದಿನ ವಾರ ಅವರಿಗೇ ಬರೋದಿಲ್ಲ. ಈ ಅಸ್ಥಿರತೆಯನ್ನು ಶ್ಮುಕ್ಲೆ ಎಂಬ ಸಂಶೋಧಕರು 2005ರಲ್ಲೇ ಬರೆದಿದ್ದಾರೆ. ಅಳತೆಗೋಲೇ ಅಲ್ಲಾಡುತ್ತಿದ್ದರೆ ಹಾರ್ಮೋನಿನ ಪರಿಣಾಮ ಎಲ್ಲಿಂದ ಕಾಣಬೇಕು? ಅದಕ್ಕೇ ಮುಖ್ಯ ಅಳತೆಯಾಗಿ ಐ ಟ್ರ್ಯಾಕರ್, ಅಂದರೆ ಕಣ್ಣಿನ ಚಲನೆ ಹಿಡಿಯುವ ಯಂತ್ರ, ಇಟ್ಟುಕೊಂಡೆ. ಕಣ್ಣು ಒಟ್ಟು ಎಷ್ಟು ಹೊತ್ತು ಎಲ್ಲಿ ನಿಂತಿತು ಅನ್ನೋ ಲೆಕ್ಕ ಡಾಟ್ ಪ್ರೋಬ್‌ಗಿಂತ ಸ್ಥಿರ. ಈ ಯಂತ್ರ ಇನ್‌ಫ್ರಾರೆಡ್ ಬೆಳಕಿನಲ್ಲಿ ಕೆಲಸ ಮಾಡೋದರಿಂದ ಕಿಟಕಿಯ ಬಿಸಿಲು ಬೀಳಬಾರದು, ದಟ್ಟ ಕಾಡಿಗೆ, ಮಸ್ಕರಾ ಇದ್ದರೆ ಪಾಪೆ ಎಲ್ಲಿದೆ ಅಂತ ಯಂತ್ರಕ್ಕೆ ತಿಳಿಯೋದಿಲ್ಲ. ಫೋನಿನಲ್ಲಿ ಸಮಯ ಹೇಳುವಾಗಲೇ ಇದನ್ನೂ ಹೇಳಿಬಿಡಿ.

ಕೊನೆಗೆ ಎಲೈಸಾ, ಅಂದರೆ ಸಣ್ಣ ಗುಳಿಗಳಿರುವ ಪ್ಲೇಟಿನಲ್ಲಿ ಜೊಲ್ಲು ಹಾಕಿ ಹಾರ್ಮೋನು ಅಳೆಯುವ ಲ್ಯಾಬ್ ಪರೀಕ್ಷೆ. ಒಬ್ಬರ ಎಲ್ಲ ದಿನಗಳ ಜೊಲ್ಲು ಒಂದೇ ಪ್ಲೇಟಿನಲ್ಲಿ ಇರಲಿ, ಪ್ರತಿಯೊಂದನ್ನೂ ಎರಡು ಗುಳಿಯಲ್ಲಿ ಹಾಕಿ. ಹೆಂಗಸರ ಜೊಲ್ಲಿನಲ್ಲಿ ಟೆಸ್ಟೋಸ್ಟಿರಾನ್ ಎಷ್ಟು ಕಡಿಮೆ ಅಂದರೆ ಎಲೈಸಾ ಕಿಟ್‌ಗಳು ಅಲ್ಲಿ ನಂಬಿಕೆಗೆ ಬರೋದಿಲ್ಲ. ದುಡ್ಡಿದ್ದರೆ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನು ತೂಕದಿಂದ ಗುರುತಿಸಿ ಅಳೆಯುವ ಯಂತ್ರ) ಇರುವ ಲ್ಯಾಬಿಗೆ ಕಳಿಸಿ. ಕರೆಂಟ್ ಹೋದರೆ ಫ್ರೀಜರ್ ಯಾವ ಲೈನಿನಲ್ಲಿದೆ, ಜನರೇಟರಿಗೆ ಸೇರಿದೆಯಾ ಅಂತ ಮೊದಲ ದಿನವೇ ಎಲೆಕ್ಟ್ರಿಷಿಯನ್ ಅಣ್ಣನನ್ನು ಕೇಳಿ. ಕರಗಿ ಮತ್ತೆ ಗಡ್ಡೆ ಕಟ್ಟಿದ ಜೊಲ್ಲನ್ನು ನಾನು ನಂಬೋದಿಲ್ಲ.

ನನಗೆ ಸಿಕ್ಕಿದ್ದೇನು? ಒಬ್ಬೊಬ್ಬರೊಳಗೇ ನೋಡಿದಾಗ, ಕಾರ್ಟಿಸಾಲ್ ಏರಿದ ದಿನ ಕೋಪದ ಮುಖದತ್ತ ಮೊದಲ ನೋಟ ಬದಲಾಗಲಿಲ್ಲ, ಅಲ್ಲಿಂದ ಕಣ್ಣು ಕೀಳೋದು ಮಾತ್ರ ಸ್ವಲ್ಪ ತಡವಾಯಿತು. ಜನರನ್ನು ಜನರಿಗೆ ಹೋಲಿಸಿದಾಗ ಏನೂ ಕಾಣಲಿಲ್ಲ. ಟೆಸ್ಟೋಸ್ಟಿರಾನಿನದು ಯಾವ ಕಡೆಗೂ ಹೇಳುವಷ್ಟಿಲ್ಲ. ನನ್ನ ಗುಂಪು ಚಿಕ್ಕದು, ಇದನ್ನು ಹಿಡಿದು ಯಾರೂ ದೊಡ್ಡ ಮಾತು ಆಡುವುದು ಬೇಡ. ಇದನ್ನೇ ಮತ್ತೆ ಮಾಡಿ ನೋಡುವವರಿದ್ದರೆ ಮುಖಗಳ ಫೋಟೋ, ಕನ್ನಡದ ಸೂಚನೆಗಳು, ಪ್ರಯೋಗದ ಫೈಲು ಮೂರನ್ನೂ ಕೊಡುತ್ತೇನೆ. ಫೋಟೋದಲ್ಲಿರುವ ನಾಟಕದವರ ಹತ್ತಿರ ಅದಕ್ಕೂ ಸೇರಿಸಿಯೇ ಸಹಿ ಹಾಕಿಸಿಕೊಂಡಿದ್ದೇನೆ.