ಹಲಗೆಯ ತುದಿಗೂ ಎಣ್ಣೆ ಬೇಕು

ಮರದ ಡೆಕ್, ಅಂದರೆ ಹೊರಗೆ ಹಲಗೆ ಹಾಸಿದ ಜಗಲಿ, ಇರುವ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಹಲಗೆಗಳ ತುದಿಯ ಕಡೆಗೆ. ಮೇಲ್ಮೈ ಲಕಲಕ ಹೊಳೆಯುತ್ತಿರುತ್ತದೆ. ತುದಿ ಮಾತ್ರ ಕಪ್ಪಾಗಿ, ಸೀಳು ಬಿಟ್ಟು, ಉಗುರಿನಿಂದ ಒತ್ತಿದರೆ ಒಳಗಿಳಿಯುವಷ್ಟು ಲಡ್ಡಾಗಿರುತ್ತದೆ. ಕೇಳಿದರೆ, ಪ್ರತಿವರ್ಷ ತಪ್ಪದೆ ಅಗಸೆ ಎಣ್ಣೆ ಹಚ್ಚುತ್ತೇವಲ್ಲ ಎನ್ನುತ್ತಾರೆ. ಹಚ್ಚುತ್ತಾರೆ, ನಿಜ, ಆದರೆ ಕಣ್ಣಿಗೆ ಬೀಳುವ ಜಾಗಕ್ಕೆ ಮಾತ್ರ.

ತೊಳೆಯುವುದರಲ್ಲೂ ಇದೇ ಅವಸರ. ರಭಸವಾಗಿ ನೀರು ಚಿಮ್ಮಿಸುವ ಪ್ರೆಶರ್ ವಾಷರನ್ನು ಹತ್ತಿರ ಹಿಡಿದು ನೀರು ಹಾಯಿಸಿದರೆ ಕೊಳೆಯ ಜೊತೆಗೆ ಮರದ ಮೆದು ನಾರೂ ಕಿತ್ತು ಬಂದು ಮೈಯೆಲ್ಲ ತರಿತರಿಯಾಗುತ್ತದೆ. ಸೌಮ್ಯವಾದ ಸೋಪು ಬೆರೆಸಿದ ನೀರು, ಬಿರುಸಾದ ಬ್ರಷ್ಷು, ಮರದ ಎಳೆ ಸಾಗಿದ ದಿಕ್ಕಿನಲ್ಲೇ ಉಜ್ಜುವ ತಾಳ್ಮೆ, ಇಷ್ಟು ಸಾಕು. ಹಲಗೆಗಳ ನಡುವಿನ ಸಂದುಗಳನ್ನು ಬಿಟ್ಟಿರುವುದು ನೀರು ಇಳಿದು ಗಾಳಿಯಾಡಲೆಂದು. ಅಲ್ಲಿ ತರಗೆಲೆ, ಧೂಳು ಸೇರಿ ಮುದ್ದೆಯಾದರೆ ಮರ ಒಣಗುವುದೇ ಇಲ್ಲ. ಮರದ ತೇವಾಂಶ ಶೇಕಡಾ 20ನ್ನು ದಾಟಿ ಹಾಗೆಯೇ ಉಳಿದರೆ ಶಿಲೀಂಧ್ರ ಬೇರೂರುತ್ತದೆ. ತೆಳುವಾದ ಬಿದಿರಿನ ಸೀಳಿನಿಂದ ಆ ಕಸವನ್ನು ಕೆದಕಿ ತೆಗೆದ ಮೇಲೆಯೇ ನೀರು ಹಾಕಬೇಕು.

ಇನ್ನು ತುದಿಯ ಮಾತು. ಬೇರಿನ ನೀರನ್ನು ಮೇಲಕ್ಕೊಯ್ಯುತ್ತಿದ್ದ ಸೂಕ್ಷ್ಮ ಕೊಳವೆಗಳು ಹಲಗೆಯ ಉದ್ದಕ್ಕೂ ಇರುತ್ತವೆ. ಅಡ್ಡ ಕೊಯ್ದಾಗ ಅವುಗಳ ಬಾಯಿ ತೆರೆದುಕೊಳ್ಳುವುದರಿಂದ ಮೇಲ್ಮೈಗಿಂತ ಎಷ್ಟೋ ಪಟ್ಟು ಬೇಗ ನೀರು ಅಲ್ಲಿಂದಲೇ ಒಳಸೇರುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಮಾವನವರು. ಮದುವೆಯಾದ ಹೊಸತರಲ್ಲಿ ನಾನು ಹಲಗೆಗಳ ಮೈಗೆ ಎಣ್ಣೆ ಹಚ್ಚಿ ಮುಗಿಸಿ ಎದ್ದಾಗ, ಅವರು ಒಂದು ಮಾತೂ ಆಡದೆ ಸಣ್ಣ ಬ್ರಷ್ಷು ಹಿಡಿದು ಮಂಡಿಯೂರಿ ಕುಳಿತು, ಒಂದೊಂದೇ ತುದಿಗೆ ಎಣ್ಣೆ ಕುಡಿಸತೊಡಗಿದ್ದರು. ಎರಡು ಮೂರು ದಿನ ಚೆನ್ನಾಗಿ ಬಿಸಿಲು ಕಂಡು ಒಣಗಿದ ಹಲಗೆಯ ತುದಿಯನ್ನು ಮರಳು ಕಾಗದದಿಂದ ನುಣುಪಾಗುವಂತೆ ತಿಕ್ಕಿ, ಧೂಳು ಒರೆಸಿ, ನೆರಳು ಬಂದ ಮೇಲೆ ಬೆರಳಗಲದ ಬ್ರಷ್ಷಿನಿಂದ ಎಣ್ಣೆಯನ್ನು ಒತ್ತಿ ಒತ್ತಿ ಇಡಬೇಕು. ನೋಡುನೋಡುತ್ತಿದ್ದಂತೆ ಹೊಳಪು ಮಾಯವಾಗಿ ತುದಿ ಮತ್ತೆ ಮಂಕಾಗುತ್ತದೆ; ಆಗ ಮತ್ತೊಮ್ಮೆ, ಮಗದೊಮ್ಮೆ. ಮರ ಇನ್ನು ಸಾಕು ಎನ್ನುವಂತೆ ಎಣ್ಣೆ ಮೇಲೆಯೇ ನಿಲ್ಲುವವರೆಗೆ ಬಿಡಬಾರದು. ಎರಡು ಹಲಗೆಗಳ ತುದಿ ಎದುರುಬದುರಾದ ಕಡೆ ಬ್ರಷ್ಷು ಹೋಗುವುದಿಲ್ಲವೆಂದು ಕೈಚೆಲ್ಲಬೇಡಿ. ರಟ್ಟಿನ ತುಂಡಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಸಂದಿನಲ್ಲಿ ಆಡಿಸಿ. ಕಾಲು ಗಂಟೆಯ ನಂತರ ಮೇಲೆ ಉಳಿದದ್ದನ್ನು ಒರೆಸಿ ತೆಗೆಯದಿದ್ದರೆ ಅಂಟು ಕಟ್ಟಿಕೊಂಡು ಧೂಳು ಕೂರುತ್ತದೆ. ಮನೆಯ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುತ್ತದೆ ಎಂದು ಗೊಣಗುವವರೂ ಒಮ್ಮೆ ಬಾಗಿಲಿನ ಅಡಿಯ ಅಂಚನ್ನು ಕೈಯಿಂದ ಸವರಿ ನೋಡಲಿ. ಅಲ್ಲಿಗೆ ಯಾರೂ ಬಣ್ಣ ಹಚ್ಚಿರುವುದೇ ಇಲ್ಲ.

ವಾರ್ನಿಷ್ ಬೇಡವೆಂದು ಎಷ್ಟು ಸಲ ಹೇಳಿದರೂ ಹುಡುಗರು ಹೊಳಪಿನ ಆಸೆಗೆ ಅದನ್ನೇ ಬಳಿಯುತ್ತಾರೆ. ಬಿಸಿಲು ಮಳೆಗೆ ಆ ಪದರ ಬಿರುಕು ಬಿಟ್ಟು, ಅದರಡಿಗೆ ನೀರು ಸೇರಿ, ಸಿಪ್ಪೆಯಂತೆ ಏಳುತ್ತದೆ. ಆಮೇಲೆ ಪೂರ್ತಿ ಕೆರೆದು ತೆಗೆಯಬೇಕು. ಎಣ್ಣೆಯಾದರೆ ತೊಳೆದು ಒಣಗಿಸಿ ಅದರ ಮೇಲೆಯೇ ಹಚ್ಚಬಹುದು. ಯಾವಾಗ ಹಚ್ಚಬೇಕೆಂದು ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸಿ ನೋಡಿ: ಹನಿ ಮಣಿಯಂತೆ ನಿಂತರೆ ಅವಸರವಿಲ್ಲ, ಹರಡಿ ಇಂಗಿದರೆ ಹೊತ್ತಾಗಿದೆ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಮ್ಮ ಮನೆಯಲ್ಲೇ ಒಮ್ಮೆ ಹಾಗೆ ಬಿಟ್ಟ ಬಟ್ಟೆಯಿಂದ ಹೊಗೆ ಎದ್ದದ್ದನ್ನು ಕಂಡಿದ್ದೇನೆ. ಅಂದಿನಿಂದ ಒಂದೊಂದನ್ನೂ ಬಿಡಿಸಿ ಹೊರಗೆ ಬಯಲಿನಲ್ಲಿ ಹರಡಿ, ಗರಿಗರಿಯಾಗಿ ಒಣಗಿದ ಮೇಲೆಯೇ ಬಿಸಾಡುತ್ತೇನೆ.